ಲಿಫ್ಟ್ ಮಾಡಿದ ಪಿಕಪ್‌ಗೆ ಮುಂದಿನ ಶಾಕ್: ಯಾವ್ದು ತಗೋಬೇಕು, ಹೆಂಗೆ ಕೂರಿಸ್ಬೇಕು

ಲಿಫ್ಟ್ ಮಾಡಿರೋ, ಅಂದ್ರೆ ಕಂಪನಿ ಎತ್ತರಕ್ಕಿಂತ ಮೇಲೆ ಎತ್ತಿರೋ ಪಿಕಪ್‌ಗೆ ಮುಂದಿನ ಶಾಕ್ ಯಾವ್ದು ಹಾಕ್ಲಿ ಅಂತ ಕೇಳಿ ನೋಡಿ, ಹತ್ತು ಜನ ಹತ್ತು ಬ್ರ್ಯಾಂಡ್ ಹೆಸ್ರು ಹೇಳ್ತಾರೆ, ನಿಮ್ಮ ಲಿಫ್ಟ್ ಯಾವ ಥರದ್ದು ಅಂತ ತಿರುಗಿ ಕೇಳೋರು ಒಬ್ರೂ ಇರಲ್ಲ. ನನ್ನ ಲೆಕ್ಕದಲ್ಲಿ ಬ್ರ್ಯಾಂಡ್ ಕೊನೇ ಪ್ರಶ್ನೆ. ಮೊದಲ್ನೇದು ಉದ್ದ, ಎರಡ್ನೇದು ಒಳಗಿನ ವಾಲ್ವಿಂಗು (ಎಣ್ಣೆಯನ್ನ ಎಷ್ಟು ತಡೆದು ಬಿಡುತ್ತೆ ಅನ್ನೋದು) ಮತ್ತೆ ಬಿಸಿ ತಡ್ಕೊಳ್ಳೋ ತಾಕತ್ತು, ಆಮೇಲೆ ಬೇಕಾದ್ರೆ ಬಣ್ಣ, ಸ್ಟಿಕ್ಕರ್ ಎಲ್ಲ ನೋಡ್ಕೊಳ್ಳಿ. ಉದ್ದ ತಪ್ಪಿತು ಅಂದ್ರೆ ಎಂಥಾ ದುಬಾರಿ ಶಾಕ್ ಆದ್ರೂ ಒಂದೋ ಕೆಳಗೆ ಇಳಿಯುವಾಗ ಟಕ್ ಅಂತ ಹೊಡೀತಾ ಇರುತ್ತೆ, ಇಲ್ಲ ಗುಂಡಿಗೆ ಬಿದ್ದಾಗ ಒಳಗೆ ಪಿಸ್ಟನ್ ತಳಕ್ಕೆ ಬಡಿದು ಸೀಲ್ ಕಿತ್ತೋಗುತ್ತೆ.

ಇನ್ನೊಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ. ಶಾಕ್ ಗಾಡಿ ಭಾರ ಹೊರಲ್ಲ, ಭಾರ ಹೊರೋದು ಸ್ಪ್ರಿಂಗು. ಸ್ಪ್ರಿಂಗ್ ಕುಣಿಯೋದನ್ನ ಹಿಡಿದು ನಿಲ್ಸೋದು ಶಾಕ್ ಕೆಲಸ, ಆ ಕುಣಿತದ ಶಕ್ತಿಯನ್ನ ಎಣ್ಣೆ ಒಳಗೆ ಬಿಸಿ ಮಾಡಿ ಹೊರಗೆ ಹಾಕುತ್ತೆ ಅಷ್ಟೇ. ಹಂಗಾಗಿ "ಮುಂದೆ ಕುಸಿದಿದೆ, ಶಾಕ್ ಬದಲಾಯಿಸ್ಬೇಕು" ಅನ್ನೋದು ಬಹಳಷ್ಟು ಸಲ ತಪ್ಪು ಲೆಕ್ಕ, ಕುಸಿದಿರೋದು ಒಂದೋ ಸ್ಪ್ರಿಂಗು, ಇಲ್ಲಾಂದ್ರೆ ಟಾರ್ಷನ್ ಬಾರು (ಸ್ಪ್ರಿಂಗ್ ಬದ್ಲು ತಿರುಚ್ಕೊಂಡು ಭಾರ ಹೊರೋ ಸರಳು). ಶಾಕ್ ಹೋಗಿದೆ ಅನ್ನೋದಕ್ಕೆ ಗುರುತು ಬೇರೆ: ಒಂದು ಹಂಪ್ ದಾಟಿದ ಮೇಲೂ ಮೂಗು ಎರಡು ಮೂರು ಸಲ ತೂಗಾಡೋದು, ಬ್ರೇಕ್ ಒತ್ತಿದ್ರೆ ಮುಂದಕ್ಕೆ ಮುಗ್ಗರಿಸೋದು, ಟೈರ್ ಮೇಲೆ ಅಲ್ಲಲ್ಲಿ ಬಟ್ಟಲು ಥರ ಸವೆದಿರೋದು, ಶಾಕ್ ಮೈಮೇಲೆ ಎಣ್ಣೆ ಸುರಿದು ಧೂಳು ಮೆತ್ತಿರೋದು. ಬಾನೆಟ್ ಮೇಲೆ ಕೈಯಿಟ್ಟು ಒತ್ತಿ ನೋಡೋ ಟೆಸ್ಟ್ ಇದ್ಯಲ್ಲ, ಪಿಕಪ್‌ನಂಥ ಗಟ್ಟಿ ಸ್ಪ್ರಿಂಗ್ ಗಾಡಿಗೆ ಅದ್ರಿಂದ ಏನೂ ಗೊತ್ತಾಗಲ್ಲ, ಪೂರ್ತಿ ಸತ್ತ ಶಾಕ್ ಮಾತ್ರ ಸಿಕ್ಕಿಬೀಳುತ್ತೆ.

ಮೊದ್ಲು ನಿಮ್ಮ ಲಿಫ್ಟ್ ಯಾವ್ದು ಅಂತ ನೋಡಿ

ಗಾಡಿ ಕೆಳಗೆ ಒಂದ್ಸಲ ತಲೆ ಹಾಕಿ. ಮುಂದಿನ ಚಕ್ರದ ಒಳಗಡೆ ಶಾಕ್ ಸುತ್ತ ಸ್ಪ್ರಿಂಗ್ ಸುತ್ಕೊಂಡಿದ್ರೆ ಅದು ಕಾಯಿಲೋವರ್, ಈಗಿನ ಹೈಲಕ್ಸ್, ಟಕೋಮಾ, ರೇಂಜರ್, ಎರಡ್ನೇ ತಲೆಮಾರಿನಿಂದ ಈಚೆಗಿನ ಡಿ-ಮ್ಯಾಕ್ಸ್ ಎಲ್ಲ ಇದೇ. ಸ್ಪ್ರಿಂಗೇ ಕಾಣದೆ ಕೆಳಗಿನ ಆರ್ಮ್‌ನಿಂದ (ಚಕ್ರವನ್ನ ಫ್ರೇಮ್‌ಗೆ ಹಿಡಿದಿರೋ ತೋಳು) ಹಿಂದಕ್ಕೆ ಉದ್ದನೆ ಸರಳು ಹೋಗಿದ್ರೆ ಟಾರ್ಷನ್ ಬಾರ್, ಮೊದಲ ತಲೆಮಾರಿನ ಡಿ-ಮ್ಯಾಕ್ಸ್ ಫೋರ್ ಬೈ ಫೋರ್, ಸಿಲ್ವೆರಾಡೋ ಎಚ್‌ಡಿ ಈ ಥರ. ಎರಡು ಚಕ್ರದ ಮಧ್ಯೆ ಒಂದೇ ಗಟ್ಟಿ ಆಕ್ಸಲ್ ಇದ್ದು ಸ್ಪ್ರಿಂಗ್ ಬೇರೆ ಶಾಕ್ ಬೇರೆ ನಿಂತಿದ್ರೆ ಸಾಲಿಡ್ ಆಕ್ಸಲ್, ಲ್ಯಾಂಡ್ ಕ್ರೂಸರ್ 79, ಗ್ಲಾಡಿಯೇಟರ್, ಫೋರ್ಡ್ ಸೂಪರ್ ಡ್ಯೂಟಿ ಫೋರ್ ಬೈ ಫೋರ್. ಈ ಮೂರಕ್ಕೂ ಶಾಕ್ ಆರಿಸೋ ದಾರಿ ಬೇರೆ ಬೇರೆ, ಒಬ್ರಿಗೆ ಚೆನ್ನಾಗಿ ಆಗಿದ್ದು ಇನ್ನೊಬ್ರಿಗೆ ಆಗಲೇಬೇಕು ಅಂತಿಲ್ಲ.

ಬಾಡಿ ಲಿಫ್ಟ್ ಆಗಿದ್ರೆ ಚರ್ಚೆನೇ ಬೇಡ, ಅಲ್ಲಿ ಎದ್ದಿರೋದು ಫ್ರೇಮ್ ಮೇಲಿನ ಬಾಡಿ ಮಾತ್ರ, ಸಸ್ಪೆನ್ಷನ್ ಇದ್ದಲ್ಲೇ ಇದೆ, ಕಂಪನಿ ಉದ್ದದ ಶಾಕೇ ಸಾಕು.

ಟಾರ್ಷನ್ ಬಾರ್ ಗಾಡಿಯಲ್ಲಿ ಜನ ಹೆಚ್ಚು ಎಡವೋದು. ಕೀ (ಆ ಸರಳಿನ ತುದಿ ಹಿಡಿದು ಬಿಗಿ ಹೊಂದಿಸೋ ತುಂಡು) ತಿರುಗಿಸಿ ಎರಡಿಂಚು ಎತ್ತಿದೀವಿ, ಈಗ ಎರಡಿಂಚು ಉದ್ದದ ಶಾಕ್ ಬೇಕು ಅಂತ ಅಂದ್ಕೋತಾರೆ. ಬೇಡ. ಕೀ ತಿರುಗಿಸಿದ್ರೆ ಆರ್ಮ್ ಓಡಾಡೋ ಜಾಗ ಬದಲಾಗಲ್ಲ, ಮೇಲಕ್ಕೆ ಹೋಗೋದನ್ನ ತಡೆಯೋ ಬಂಪ್ ಸ್ಟಾಪ್ ರಬ್ಬರೂ ಅಲ್ಲೇ ಇದೆ, ಕೆಳಗೆ ಇಳಿಯೋದನ್ನ ತಡೆಯೋ ರಬ್ಬರೂ ಅಲ್ಲೇ ಇದೆ, ಆ ಎರಡರ ಮಧ್ಯೆ ಗಾಡಿ ನಿಲ್ಲೋ ಜಾಗ ಮಾತ್ರ ಬದಲಾಗಿದೆ. ಅಂದ್ರೆ ಮೇಲಕ್ಕೆ ಹೋಗೋ ಜಾಗ ಜಾಸ್ತಿ ಆಯ್ತು, ಕೆಳಕ್ಕೆ ಇಳಿಯೋ ಜಾಗ ಅಷ್ಟೇ ಕಮ್ಮಿ ಆಯ್ತು. ಕಂಪನಿ ಉದ್ದದ ಶಾಕೇ ಸರಿ ಅಳತೆ, ಬೇಕಾಗಿರೋದು ಕೆಳಗೆ ಇಳಿಯೋದನ್ನ ಚೆನ್ನಾಗಿ ಹಿಡಿಯೋ ರಿಬೌಂಡ್ ವಾಲ್ವಿಂಗು. ತುಂಬಾ ತಿರುಗಿಸಿ ಮೇಲಿನ ಆರ್ಮ್ ಹೋಗಿ ಆ ಡ್ರೂಪ್ (ಚಕ್ರ ಕೆಳಗೆ ಇಳಿಯೋದು) ತಡೆಯೋ ರಬ್ಬರ್ ಮೇಲೇ ಕೂತಿದ್ರೆ ಮಾತ್ರ ಯಾವ ಶಾಕ್ ತಂದು ಹಾಕಿದ್ರೂ ಗಾಡಿ ಹಾರ್ತಾನೇ ಇರುತ್ತೆ, ಅದಕ್ಕೆ ಔಷಧಿ ಕೀ ಸ್ವಲ್ಪ ಇಳಿಸೋದು ಅಷ್ಟೇ.

ಕಾಯಿಲೋವರ್‌ನಲ್ಲಿ ಲಿಫ್ಟ್ ಮಾಡೋ ದಾರಿ ಎರಡು ಮೂರು ಇವೆ, ಯಾವ್ದು ಅಂತ ಗೊತ್ತಿರ್ಬೇಕು. ಒಂದು, ಸ್ಟ್ರಟ್ (ಶಾಕ್, ಸ್ಪ್ರಿಂಗ್ ಸೇರಿದ ಜೋಡಿ) ತಲೆ ಮೇಲೆ ಸ್ಪೇಸರ್ ಅನ್ನೋ ಬಿಲ್ಲೆ ಇಡೋದು. ಸ್ಟ್ರಟ್ ಕೆಳಗಿನ ಆರ್ಮ್‌ನ ಮಧ್ಯಭಾಗದ ಹತ್ರ ಕೂರೋದ್ರಿಂದ ಒಂದಿಂಚು ಸ್ಪೇಸರ್ ಇಟ್ರೆ ಚಕ್ರದ ಹತ್ರ ಅಂದಾಜು ಒಂದೂವರೆಯಿಂದ ಎರಡಿಂಚು ಎತ್ತರ ಬರುತ್ತೆ. ಸುಲಭ, ಸವಾರಿ ಗಟ್ಟಿ ಆಗಲ್ಲ, ಆದ್ರೆ ಇಡೀ ಸ್ಟ್ರಟ್ಟೇ ಕೆಳಗೆ ಜರುಗಿರುತ್ತೆ ನೋಡಿ, ಹಂಗಾಗಿ ಚಕ್ರ ಮೊದಲಿಗಿಂತ ಕೆಳಗೆ ನೇತಾಡಿ ಬಾಲ್ ಜಾಯಿಂಟ್ (ಆರ್ಮ್ ತುದಿಯ ಗುಂಡು ಕೀಲು) ಮತ್ತೆ ಸಿವಿ ಆಕ್ಸಲ್ (ಚಕ್ರ ತಿರುಗಿಸೋ, ಕೀಲಿರೋ ದಂಡ) ಮೇಲೆ ಓರೆ ಬೀಳುತ್ತೆ, ಮೇಲಕ್ಕೆ ಪೂರ್ತಿ ಒತ್ತಿದಾಗ ಬಂಪ್ ಸ್ಟಾಪ್ ಮುಟ್ಟೋಕೂ ಮುಂಚೆ ಸ್ಟ್ರಟ್ ಒಳಗೇ ತಳ ಹೊಡಿಯೋ ಸಾಧ್ಯತೆ ಇರುತ್ತೆ. ಎರಡು, ಸ್ಪ್ರಿಂಗ್ ಕೂರೋ ತಟ್ಟೆಯನ್ನೇ ಮೇಲೆ ಏರಿಸೋದು. ಬಿಲ್‌ಸ್ಟೀನ್ 5100 ಇದ್ರಲ್ಲಿ ಹೆಸರುವಾಸಿ, ಮೈಮೇಲೆ ಗ್ರೂವ್‌ಗಳಿರ್ತವೆ, ಸ್ನ್ಯಾಪ್ ರಿಂಗ್ ಯಾವ ಗ್ರೂವ್‌ಗೆ ಹಾಕ್ತೀರೋ ಅಷ್ಟು ಎತ್ತರ. ಇನ್ನು ದೊಡ್ಡ ಕಾಯಿಲೋವರ್‌ಗಳಲ್ಲಿ ಥ್ರೆಡ್ ಇರೋ ಕಾಲರ್ ಇರುತ್ತೆ. ಈ ಎರಡ್ನೇ ದಾರಿಯಲ್ಲಿ ಸ್ಟ್ರಟ್ ಉದ್ದ ಕಂಪನಿಯದ್ದೇ ಇದ್ರೆ ಟಾರ್ಷನ್ ಬಾರ್ ಕಥೆನೇ, ಎತ್ತಿದಷ್ಟೂ ಡ್ರೂಪ್ ಕಳ್ಕೋತೀರ. ಮೂರ್ನೇದು ಉದ್ದ ಜಾಸ್ತಿ ಇರೋ ಸ್ಟ್ರಟ್ ಮತ್ತೆ ಎತ್ತರದ ಸ್ಪ್ರಿಂಗ್ ಸೆಟ್ಟು, ಖರ್ಚು ಹೆಚ್ಚು, ಕೆಲಸ ಮಾತ್ರ ನೀಟು.

ಯಾರೂ ಮಾಡಬಾರದ ಕೆಲಸ ಅಂದ್ರೆ ಮೊದ್ಲೇ ಮೇಲಿನ ಗ್ರೂವ್‌ಗೆ ಏರಿಸಿರೋ ಶಾಕ್ ತಲೆ ಮೇಲೆ ಇನ್ನೊಂದು ಸ್ಪೇಸರ್ ಇಡೋದು. ಎರಡೂ ಒಟ್ಟು ಸೇರಿದ್ರೆ ನಾಲ್ಕಿಂಚು ಸಿಗುತ್ತೆ ಅಂತ ಖುಷಿ, ಸಿವಿ ಕೀಲು ಮುಚ್ಚಿರೋ ರಬ್ಬರ್ ಬೂಟ್ ಹರಿದು ಗ್ರೀಸೆಲ್ಲ ರಿಮ್ಮಿಗೆ ಎರಚಿದಾಗ ಆ ಖುಷಿ ಇಳಿಯುತ್ತೆ. ನಾಲ್ಕು ಆರಿಂಚು ಬೇಕು ಅಂದ್ರೆ ಕ್ರಾಸ್‌ಮೆಂಬರ್ (ಫ್ರೇಮ್‌ನ ಅಡ್ಡ ತೊಲೆ) ಇಳಿಸೋ ಬ್ರ್ಯಾಕೆಟ್ ಕಿಟ್ಟೇ ಬೇಕು, ಅಲ್ಲಿ ಶಾಕ್ ಯಾವ್ದು ಅಂತ ಕಿಟ್ ಮಾಡಿದೋರು ಹೇಳಿದ್ದನ್ನೇ ಹಾಕಿ, ನಮ್ಮ ಲೆಕ್ಕ ಬೇಡ.

ಸಾಲಿಡ್ ಆಕ್ಸಲ್‌ಗೆ ಟೇಪ್ ಹಿಡೀಲೇಬೇಕು

ಇಲ್ಲಿ ಸ್ಪ್ರಿಂಗ್ ಬೇರೆ ಇರೋದ್ರಿಂದ ಶಾಕ್ ಉದ್ದ ನಿಜವಾಗ್ಲೂ ಜಾಸ್ತಿ ಬೇಕು, ಎಷ್ಟು ಅನ್ನೋದನ್ನ "ಮೂರಿಂಚು ಲಿಫ್ಟ್‌ಗೆ" ಅಂತ ಡಬ್ಬಿ ಮೇಲೆ ಬರೆದಿರೋದ್ರಿಂದ ಅಲ್ಲ, ಅಳೆದು ತಿಳ್ಕೋಬೇಕು. ಗಾಡಿ ಸಮತಟ್ಟು ನೆಲದ ಮೇಲೆ ನಿಂತಾಗ ಶಾಕ್‌ನ ಮೇಲಿನ ಮೌಂಟ್‌ನಿಂದ ಕೆಳಗಿನ ಮೌಂಟ್‌ವರೆಗೆ 20 ಇಂಚು ಇದೆ ಅಂತ ಇಟ್ಕೊಳ್ಳಿ. ಬಂಪ್ ಸ್ಟಾಪ್‌ಗೂ ಆಕ್ಸಲ್‌ಗೂ ಮಧ್ಯೆ 4 ಇಂಚು ಗ್ಯಾಪು, ಬಂಪ್ ಸ್ಟಾಪ್ ರಬ್ಬರು ಜೋರಾಗಿ ಹೊಡೆದಾಗ ಇನ್ನೊಂದಿಂಚು ಅಮುಕುತ್ತೆ, ಅಲ್ಲಿಗೆ 15. ಅರ್ಧ ಇಂಚು ಮೀಸಲಿಟ್ರೆ ನಿಮ್ಮ ಶಾಕ್ ಪೂರ್ತಿ ಮುಚ್ಚಿದಾಗ 14.5 ಇಂಚಿಗಿಂತ ಉದ್ದ ಇರಬಾರ್ದು. ಜಾಕ್ ಹಾಕಿ ಆಕ್ಸಲ್ ನೇತುಬಿಟ್ರೆ 5 ಇಂಚು ಇಳಿಯುತ್ತೆ ಅಂದ್ರೆ 25, ಮತ್ತೆ ಅರ್ಧ ಸೇರಿಸಿ 25.5, ಪೂರ್ತಿ ತೆರೆದಾಗ ಅಷ್ಟಾದ್ರೂ ಇರ್ಬೇಕು. ಈಗ ಕ್ಯಾಟಲಾಗ್ ತೆಗೆದು ನೋಡಿ, 14.5ಕ್ಕೆ ಮುಚ್ಚಿ 25.5ಕ್ಕೆ ತೆರೆಯೋ ಶಾಕ್ ಸಿಗೋದು ಕಷ್ಟ, ಯಾಕಂದ್ರೆ ಸ್ಟ್ರೋಕ್ (ರಾಡ್ ಓಡಾಡೋ ದೂರ) ಬಿಟ್ಟು ಕಣ್ಣು (ಬೋಲ್ಟ್ ಹೋಗೋ ತುದಿಯ ಉಂಗುರ), ಸೀಲು, ಪಿಸ್ಟನ್ನು ಅಂತ ಉಳಿದ ಭಾಗವೇ ಐದಿಂಚಿನಷ್ಟು ತಿನ್ನುತ್ತೆ. ಸಿಗೋದು 15 ಮತ್ತೆ 25 ಥರದ್ದು. ಹಂಗಾದ್ರೆ ಬಂಪ್ ಸ್ಟಾಪ್ ಅರ್ಧ ಇಂಚು ಕೆಳಗೆ ಇಳಿಸಿ, ಕೆಳಗಡೆ 24.5ಕ್ಕೆ ನಿಲ್ಲೋ ಹಂಗೆ ಲಿಮಿಟ್ ಸ್ಟ್ರಾಪ್ ಕಟ್ಟಿ. ಮೇಲಕ್ಕೆ ಹೋದಾಗ ಬಂಪ್ ಸ್ಟಾಪ್ ತಡೀಬೇಕು, ಕೆಳಕ್ಕೆ ಬಂದಾಗ ಸ್ಟ್ರಾಪೋ ಇನ್ನೇನೋ ತಡೀಬೇಕು, ಎರಡು ಕೊನೆಯಲ್ಲೂ ಶಾಕ್ ತಡೆಯೋ ಹಂಗೆ ಬಿಟ್ರೆ ಅದು ಬಾಳಲ್ಲ. ಶಾಕ್ ಓರೆಯಾಗಿ ನಿಂತಿದ್ರೆ ಆಕ್ಸಲ್ ಚಲಿಸಿದ್ದಕ್ಕಿಂತ ಶಾಕ್ ಚಲಿಸೋದು ಕಮ್ಮಿ ಇರುತ್ತೆ, ಆದಷ್ಟು ಗಾಡಿ ಮೇಲೇ ಎರಡೂ ಕೊನೆ ಅಳೆಯೋದು ಒಳ್ಳೇದು, ಸ್ಪ್ರಿಂಗ್ ತೆಗೆದು ಅಳೆದ್ರಂತೂ ಇನ್ನೂ ಪಕ್ಕಾ.

ಇದೇ ಜಾಗದಲ್ಲಿ ಒಂದು ಅಡ್ಡ ಮಾತು. ಸಾಲಿಡ್ ಆಕ್ಸಲ್ ಗಾಡಿ ಲಿಫ್ಟ್ ಆದ್ಮೇಲೆ ಸ್ಟೀರಿಂಗ್ ಗಡಗಡ ನಡುಗುತ್ತಲ್ಲ, ಡೆತ್ ವಾಬಲ್ ಅಂತಾರೆ, ಅದಕ್ಕೆ ಹೊಸ ಶಾಕೂ ಪರಿಹಾರ ಅಲ್ಲ, ಎರಡು ಸ್ಟೀರಿಂಗ್ ಡ್ಯಾಂಪರೂ ಅಲ್ಲ. ಟ್ರ್ಯಾಕ್ ಬಾರ್ (ಆಕ್ಸಲ್ ಅಡ್ಡಕ್ಕೆ ಜರುಗದ ಹಂಗೆ ಹಿಡಿಯೋ ಸರಳು) ಬುಷ್ಷು, ಬೋಲ್ಟು ಲೂಸ್ ಆಗಿರೋದು, ಬಾಲ್ ಜಾಯಿಂಟು, ಟೈ ರಾಡ್ ಎಂಡು, ಕ್ಯಾಸ್ಟರು (ಚಕ್ರ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಓರೆ) ಇವುಗಳನ್ನ ನೋಡಿ. ಡ್ಯಾಂಪರ್ ಹಾಕಿದ್ರೆ ರೋಗ ಮುಚ್ಚಿಹೋಗುತ್ತೆ ಅಷ್ಟೇ, ವಾಸಿ ಆಗಲ್ಲ. ಹಂಗೇ ಚಕ್ರಕ್ಕೆ ಎರಡೆರಡು ಶಾಕ್ ಹಾಕೋ ಬ್ರ್ಯಾಕೆಟ್ಟು, ನೋಡೋಕೆ ಜೋರಾಗಿರುತ್ತೆ, ಆದ್ರೆ ಒಂದು ಸರಿಯಾದ ಶಾಕ್ ಇದ್ರೆ ಎರಡ್ನೇದಕ್ಕೆ ಕೆಲಸ ಇರಲ್ಲ. ಮೂಗಿಗಿಂತ ಮೂಗುತಿ ಭಾರ.

ಟ್ವಿನ್ ಟ್ಯೂಬಾ, ಮೊನೋ ಟ್ಯೂಬಾ

ಉದ್ದ ಪಕ್ಕಾ ಆದ್ಮೇಲೆ ಬರೋ ಪ್ರಶ್ನೆ ಇದು, ಜಗಳ ಜಾಸ್ತಿ ಆಗೋದೂ ಇಲ್ಲೇ. ಟ್ವಿನ್ ಟ್ಯೂಬ್ ಅಂದ್ರೆ ಒಂದು ಕೊಳವೆ ಒಳಗೆ ಇನ್ನೊಂದು ಕೊಳವೆ, ಒಳಗಿನದ್ರಲ್ಲಿ ಪಿಸ್ಟನ್ ಓಡಾಡುತ್ತೆ, ತಳದ ವಾಲ್ವ್ ಮೂಲಕ ಎಣ್ಣೆ ಹೊರಗಿನ ಕೊಳವೆಗೆ ಹೋಗಿ ಬರುತ್ತೆ. ಗ್ಯಾಸ್ ಇದ್ರೂ ಕಮ್ಮಿ ಒತ್ತಡ. ಮೊನೋ ಟ್ಯೂಬ್‌ನಲ್ಲಿ ಒಂದೇ ಕೊಳವೆ, ತೇಲೋ ಪಿಸ್ಟನ್ ಒಂದು ಎಣ್ಣೆಯನ್ನೂ ನೈಟ್ರೋಜನ್‌ನನ್ನೂ ಬೇರೆ ಇಟ್ಟಿರುತ್ತೆ, ಗ್ಯಾಸ್ ಒತ್ತಡ ಸಾಮಾನ್ಯವಾಗಿ 200 ಪಿಎಸ್‌ಐ ಆಸುಪಾಸು, ಕೆಲವದ್ರಲ್ಲಿ 300 ದಾಟುತ್ತೆ.

ಉಪಯೋಗದಲ್ಲಿ ಏನು ವ್ಯತ್ಯಾಸ ಅಂದ್ರೆ, ಕಲ್ಲು ರಸ್ತೆಯಲ್ಲಿ ಗಂಟೆಗಟ್ಟಲೆ ಓಡಿಸಿದಾಗ ಶಾಕ್ ಒಳಗಿನ ಎಣ್ಣೆ ಕಾದು ತೆಳ್ಳಗಾಗುತ್ತೆ, ಟ್ವಿನ್ ಟ್ಯೂಬ್‌ನಲ್ಲಿ ಎಣ್ಣೆ ಜೊತೆ ಗಾಳಿ ಬೆರೆತು ನೊರೆ ಬರುತ್ತೆ, ನೊರೆ ಬಂದ ಎಣ್ಣೆ ವಾಲ್ವಲ್ಲಿ ಸರಕ್ ಅಂತ ಜಾರಿಹೋಗುತ್ತೆ, ಆಗ ಶಾಕ್ ಇದ್ದೂ ಇಲ್ಲದ ಹಂಗೆ. ಮೊನೋ ಟ್ಯೂಬ್‌ನಲ್ಲಿ ಒತ್ತಡದಿಂದ ನೊರೆ ಕಟ್ಟೋದು ಕಮ್ಮಿ, ಒಂದೇ ಗೋಡೆ ಇರೋದ್ರಿಂದ ಬಿಸಿ ನೇರ ಗಾಳಿಗೆ ಹೋಗುತ್ತೆ, ಅದೇ ಹೊರಗಾತ್ರದಲ್ಲಿ ದೊಡ್ಡ ಪಿಸ್ಟನ್ ಕೂರುತ್ತೆ. ಪಿಸ್ಟನ್ ಗಾತ್ರ ಸಣ್ಣ ವಿಷ್ಯ ಅಲ್ಲ, ಬಿಲ್‌ಸ್ಟೀನ್ 5100ರಲ್ಲಿ 46 ಎಂಎಂ, 6112ರಲ್ಲಿ 60 ಎಂಎಂ, ಕೇಳೋಕೆ 14 ಎಂಎಂ ಅಷ್ಟೇ ಅನ್ಸುತ್ತೆ, ವಿಸ್ತೀರ್ಣ ಲೆಕ್ಕ ಹಾಕಿದ್ರೆ 1.7 ಪಟ್ಟು. ಅಷ್ಟೇ ಹಿಡಿತ ಕೊಡೋಕೆ ಒಳಗಿನ ಒತ್ತಡ ಕಮ್ಮಿ ಸಾಕು, ಎಣ್ಣೆಯೂ ಜಾಸ್ತಿ ಇರೋದ್ರಿಂದ ಕಾಯೋದು ನಿಧಾನ.

ಹಂಗಂತ ಟ್ವಿನ್ ಟ್ಯೂಬ್ ಕಳಪೆ ಅನ್ನೋದನ್ನ ನಾನು ಒಪ್ಪಲ್ಲ. ಕಲ್ಲು ಹಾರಿ ಹೊರಗಿನ ಕೊಳವೆ ನೆಗ್ಗಿದ್ರೂ ಒಳಗಿನ ಪಿಸ್ಟನ್‌ಗೆ ಏನೂ ಆಗಲ್ಲ, ಮೊನೋ ಟ್ಯೂಬ್‌ಗೆ ಒಂದು ಒಳ್ಳೆ ಏಟು ಬಿದ್ರೆ ಪಿಸ್ಟನ್ ಅಲ್ಲೇ ಸಿಕ್ಕಾಕ್ಕೊಳ್ಳುತ್ತೆ. ಸಣ್ಣ ಸಣ್ಣ ಉಬ್ಬುತಗ್ಗಿನ ಮೇಲೆ ಟ್ವಿನ್ ಟ್ಯೂಬ್ ಮೆತ್ತಗಿರುತ್ತೆ, ಮನೆಯವ್ರು ಕೂತಾಗ ಬೈಗುಳ ಕಮ್ಮಿ. ಓಲ್ಡ್ ಮ್ಯಾನ್ ಈಮು ನೈಟ್ರೋಚಾರ್ಜರ್ ಟ್ವಿನ್ ಟ್ಯೂಬೇ, ಭಾರ ಹೊತ್ಕೊಂಡು ದೂರ ಹೋಗೋ ಗಾಡಿಗಳಲ್ಲಿ ಅದನ್ನ ನಂಬ್ಕೊಂಡಿರೋರು ಬೇಕಾದಷ್ಟು ಜನ ಇದಾರೆ. ಫೋಮ್ ಸೆಲ್ ಅಂತ ಒಂದು ಜಾತಿ ಇದೆ, ಟಫ್ ಡಾಗ್, ಐರನ್‌ಮ್ಯಾನ್ ಮಾಡ್ತಾರೆ, ಇದೂ ಟ್ವಿನ್ ಟ್ಯೂಬೇ ಆದ್ರೆ ಹೊರಗಿನ ಕೊಳವೆಯಲ್ಲಿ ಗ್ಯಾಸ್ ಬದ್ಲು ಸಣ್ಣ ಸಣ್ಣ ಗುಳ್ಳೆಗಳಿರೋ ಫೋಮ್ ತುಂಬಿರ್ತಾರೆ, ಎಣ್ಣೆ ಜೊತೆ ಬೆರೆಯೋಕೆ ಬಿಡಿ ಗಾಳಿನೇ ಇಲ್ಲ, ಎಣ್ಣೆಯೂ ಜಾಸ್ತಿ. ನಿಧಾನಕ್ಕೆ, ಭಾರ ಹಾಕ್ಕೊಂಡು, ಕೆಟ್ಟ ರಸ್ತೆಯಲ್ಲಿ ಓಡಿಸೋರಿಗೆ ಇದು ಬಹಳ ಒಳ್ಳೆ ಆಯ್ಕೆ, ಆದ್ರೂ ಜನ ಹೆಚ್ಚು ಮಾತಾಡಲ್ಲ ಯಾಕೋ.

ರಿಸರ್ವಾಯರ್ ಇರೋವು, ಅಂದ್ರೆ ಪಕ್ಕದಲ್ಲಿ ಇನ್ನೊಂದು ಸಣ್ಣ ಸಿಲಿಂಡರ್ ನೇತಾಡೋವು, ಬಿಲ್‌ಸ್ಟೀನ್ 5160, ಫಾಕ್ಸ್ 2.5 ಫ್ಯಾಕ್ಟರಿ ರೇಸ್, ಕಿಂಗ್ 2.5 ಇಂಥವು. ಎಣ್ಣೆ ಇನ್ನೂ ಜಾಸ್ತಿ, ಗ್ಯಾಸ್ ರಿಸರ್ವಾಯರ್‌ಗೆ ಹೋಗೋದ್ರಿಂದ ಮೈ ಒಳಗೆ ಸ್ಟ್ರೋಕ್‌ಗೆ ಜಾಗ ಸಿಗುತ್ತೆ. ವೇಗವಾಗಿ ಕಚ್ಚಾ ರಸ್ತೆಯಲ್ಲಿ ಹೋಗೋರಿಗೆ ಇದು ಬೇಕು, ಬೇರೆ ದಾರಿ ಇಲ್ಲ. ಉಳಿದವರಿಗೆ? ನಿಜ ಹೇಳ್ಬೇಕಂದ್ರೆ ನೂರಕ್ಕೆ ತೊಂಬತ್ತು ಭಾಗ ಟಾರ್ ರೋಡಲ್ಲೇ ಓಡಿಸ್ತೀರ ಅಂದ್ರೆ ಅಷ್ಟು ಬಿಸಿ ಹುಟ್ಟೋದೇ ಇಲ್ಲ. ಜೊತೆಗೆ ಈ ದೊಡ್ಡ ಶಾಕ್‌ಗಳಲ್ಲಿ ಬಹಳಷ್ಟಕ್ಕೆ ರಬ್ಬರ್ ಬುಷ್ ಬದ್ಲು ಲೋಹದ ಗೋಳಾಕಾರದ ಬೇರಿಂಗ್ ಇರುತ್ತೆ, ಧೂಳು ಹೋಗಿ ಸವೆದ್ಮೇಲೆ ಟಿಕ್ ಟಿಕ್ ಶಬ್ದ ಶುರು. ರಿಬಿಲ್ಡ್ ಮಾಡ್ಬೋದು ಅನ್ನೋದು ದೊಡ್ಡ ಅನುಕೂಲ ನಿಜ, ಆದ್ರೆ ಮಾಡ್ಬೋದು ಅನ್ನೋದ್ರ ಅರ್ಥ ಮಾಡ್ತಾ ಇರ್ಬೇಕು ಅಂತನೂ ಹೌದು, ಸೀಲು ಎಣ್ಣೆ ಬದಲಾಯಿಸಿ ನೈಟ್ರೋಜನ್ ತುಂಬೋ ಜನ ಹತ್ರದಲ್ಲಿ ಇಲ್ಲ ಅಂದ್ರೆ ಸೀಲ್ ಮಾಡಿ ಬರೋ ಶಾಕೇ ನೆಮ್ಮದಿ.

ನಾಬ್ ತಿರುಗಿಸೋ ಅಡ್ಜಸ್ಟಬಲ್ ಶಾಕ್ ಬಗ್ಗೆ ಎರಡು ಮಾತು. ರಾಂಚೋ ಆರ್‌ಎಸ್9000ದಲ್ಲಿ ಒಂಬತ್ತು ಹಂತ, ಓಲ್ಡ್ ಮ್ಯಾನ್ ಈಮು ಬಿಪಿ-51ರಲ್ಲಿ ಕಂಪ್ರೆಷನ್ (ಶಾಕ್ ಮುಚ್ಚೋದು) ಬೇರೆ ರಿಬೌಂಡ್ (ತೆರೆಯೋದು) ಬೇರೆ ತಿರುಗಿಸ್ಬೋದು. ಕ್ಯಾಂಪರ್ ಹಾಕೋದು ತೆಗೆಯೋದು, ಟ್ರೇಲರ್ ಎಳೆಯೋದು, ಹಿಂಗೆ ಭಾರ ಬದಲಾಗ್ತಾ ಇರೋರಿಗೆ ನಿಜವಾಗ್ಲೂ ಉಪಯೋಗ. ಆದ್ರೆ ಮುಂದಿನ ಆಕ್ಸಲ್ ಮೇಲೆ ಭಾರ ಅಷ್ಟೊಂದು ಬದಲಾಗಲ್ಲ, ಬುಲ್ ಬಾರ್ (ಮುಂದಿನ ಗಟ್ಟಿ ಕಂಬಿ ಬಂಪರ್) ಒಂದ್ಸಲ ಹಾಕಿದ್ರೆ ಅಲ್ಲೇ ಇರುತ್ತೆ. ಹಿಂದಕ್ಕೆ ಅಡ್ಜಸ್ಟಬಲ್, ಮುಂದಕ್ಕೆ ಫಿಕ್ಸೆಡ್ ಹಾಕ್ಕೊಂಡ್ರೂ ತಪ್ಪೇನಿಲ್ಲ ಅಂತ ನನ್ನ ಅಭಿಪ್ರಾಯ, ಒಂದೇ ಬ್ರ್ಯಾಂಡ್ ನಾಲ್ಕೂ ಕಡೆ ಇರ್ಬೇಕು ಅನ್ನೋದು ಫೋಟೋಗೆ ಬೇಕಾದ ನಿಯಮ. ಎಡ ಬಲ ಜೋಡಿ ಮಾತ್ರ ಒಂದೇ ಇರ್ಬೇಕು, ಹಾಕೋದೂ ಒಟ್ಟಿಗೇ.

ಮತ್ತೆ ಈ "ಗಟ್ಟಿ ಇದ್ದಷ್ಟೂ ಒಳ್ಳೇದು" ಅನ್ನೋ ನಂಬಿಕೆ ಬಿಡಿ. ದೊಡ್ಡ ಟೈರ್ ಹಾಕಿದ್ರೆ ಚಕ್ರದ ತೂಕ ಜಾಸ್ತಿ ಆಗುತ್ತೆ, ಅದನ್ನ ಹಿಡಿಯೋಕೆ ಕಂಪನಿ ಶಾಕ್‌ಗಿಂತ ಜಾಸ್ತಿ ವಾಲ್ವಿಂಗ್ ಬೇಕು, ಸರಿ. ಆದ್ರೆ ರಿಬೌಂಡ್ ಅತಿಯಾಗಿ ಗಟ್ಟಿ ಇದ್ರೆ ಸಾಲು ಸಾಲು ಉಬ್ಬಿನ ರಸ್ತೆಯಲ್ಲಿ ಚಕ್ರ ಕೆಳಗೆ ಬರೋಕೆ ಮುಂಚೆ ಮುಂದಿನ ಉಬ್ಬು ಬಂದಿರುತ್ತೆ, ಗಾಡಿ ಹಂತ ಹಂತವಾಗಿ ಕುಗ್ಗುತ್ತಾ ಬಂಪ್ ಸ್ಟಾಪ್ ಮೇಲೆ ಕೂರುತ್ತೆ, ಓಡಿಸೋನಿಗೆ ಸ್ಪ್ರಿಂಗ್ ಸಾಲದು ಅನ್ಸುತ್ತೆ, ಹೋಗಿ ಇನ್ನೂ ಗಟ್ಟಿ ಸ್ಪ್ರಿಂಗ್ ಹಾಕಿಸ್ತಾನೆ, ಮತ್ತೆ ಅದಕ್ಕೆ ಶಾಕ್ ಸಾಲದು.

ಸ್ಪ್ರಿಂಗ್ ಜೊತೆಗೇ ಯೋಚನೆ ಮಾಡಿ

ಕಾಯಿಲೋವರ್ ಗಾಡಿಯಲ್ಲಿ ಶಾಕ್ ತೆಗೆಯೋ ಕೆಲಸ ಅಂದ್ರೆ ಸ್ಪ್ರಿಂಗೂ ಕೈಗೆ ಬರೋ ಕೆಲಸ, ಹಂಗಾಗಿ ಆವಾಗ್ಲೇ ತೀರ್ಮಾನ ಮಾಡ್ಕೊಳ್ಳಿ. ಮುಂದೆ ಸ್ಟೀಲ್ ಬುಲ್ ಬಾರ್, ವಿಂಚ್ ಇದ್ರೆ ಎರಡೂ ಸೇರಿ ನೂರು ಕೆಜಿ ಹತ್ರ ಹೋಗುತ್ತೆ, ಅದೂ ಆಕ್ಸಲ್‌ಗಿಂತ ಮುಂದೆ ನೇತಾಡೋ ಭಾರ. ಕಂಪನಿ ಸ್ಪ್ರಿಂಗ್ ಇಟ್ಕೊಂಡು ಗ್ರೂವ್ ಏರಿಸಿ ಏರಿಸಿ ಎತ್ತರ ತರೋಕೆ ಹೋಗಬೇಡಿ. ಪ್ರೀಲೋಡ್ (ಜೋಡಿಸುವಾಗ್ಲೇ ಸ್ಪ್ರಿಂಗ್ ಅಮುಕಿಡೋದು) ಹೆಚ್ಚಿಸಿದ್ರೆ ಸ್ಪ್ರಿಂಗ್ ರೇಟ್ ಗಟ್ಟಿ ಆಗಲ್ಲ, ಇಂಚಿಗೆ ಎಷ್ಟು ಭಾರ ಹೊರುತ್ತೋ ಅಷ್ಟೇ ಹೊರೋದು, ಗಾಡಿ ನಿಲ್ಲೋ ಎತ್ತರ ಮಾತ್ರ ಬದಲಾಗುತ್ತೆ. ಭಾರ ಜಾಸ್ತಿ ಆದ್ರೆ ಆ ಭಾರಕ್ಕೇ ಅಂತ ಮಾಡಿರೋ ಸ್ಪ್ರಿಂಗ್ ತಗೊಳ್ಳಿ. ಉಲ್ಟಾನೂ ನಿಜ, ಮುಂದೆ ಏನೂ ಇಲ್ಲದ ಗಾಡಿಗೆ ಬುಲ್ ಬಾರ್ ಸ್ಪ್ರಿಂಗ್ ಹಾಕಿದ್ರೆ ಹಂಪ್ ಹಂಪ್‌ಗೂ ಹಲ್ಲು ಕಡಕಡ ಅನ್ನುತ್ತೆ, ಎತ್ತರವೂ ಲೆಕ್ಕಕ್ಕಿಂತ ಜಾಸ್ತಿ ಬರುತ್ತೆ.

ಮುಂದೆ ಎರಡು ಎರಡೂವರೆ ಇಂಚು ದಾಟಿದ್ರೆ ಮೇಲಿನ ಕಂಟ್ರೋಲ್ ಆರ್ಮ್ ಕೂಡ ಲೆಕ್ಕಕ್ಕೆ ಬರುತ್ತೆ. ಅಗಲದ ಸ್ಪ್ರಿಂಗ್ ಇರೋ ಕೆಲವು ಸೆಟ್‌ಗಳಲ್ಲಿ ಚಕ್ರ ಪೂರ್ತಿ ಇಳಿದಾಗ ಕಂಪನಿ ಆರ್ಮ್ ಸ್ಪ್ರಿಂಗ್‌ಗೆ ಉಜ್ಜುತ್ತೆ, ಬಣ್ಣ ಕಿತ್ತಿರೋ ಜಾಗ ನೋಡಿದ್ರೆ ಗೊತ್ತಾಗ್ಬಿಡುತ್ತೆ. ಅದಕ್ಕಿಂತ ದೊಡ್ಡ ತೊಂದ್ರೆ ಕ್ಯಾಸ್ಟರ್, ಗಾಡಿ ಎತ್ತಿದಷ್ಟೂ ಕಮ್ಮಿ ಆಗುತ್ತೆ, ಹೈವೇಯಲ್ಲಿ ಸ್ಟೀರಿಂಗ್ ಅತ್ತಿತ್ತ ಅಲೆಯೋದು ಅದ್ರಿಂದ. ಅಲೈನ್‌ಮೆಂಟ್ ಬೋಲ್ಟ್‌ನಲ್ಲಿ ಕ್ಯಾಸ್ಟರ್ ಸಿಗ್ತಾ ಇಲ್ಲ ಅಂದ್ರೆ ಹೊಸ ಆರ್ಮ್ ಹಾಕ್ಲೇಬೇಕು, ಅಲ್ಲಿ ಉಳಿಸೋಕೆ ಹೋಗಬೇಡಿ.

ಹಾಕೋ ಕೆಲಸ

ಶುರು ಮಾಡೋ ಮುಂಚೆ ಪ್ರತಿ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳತೆ ತಗೊಂಡು ಬರ್ಕೊಳ್ಳಿ. ನೆಲದಿಂದ ಅಳೆದ್ರೆ ಟೈರ್ ಗಾಳಿ ಲೆಕ್ಕ ಕೆಡಿಸುತ್ತೆ. ಟಕೋಮಾದಂಥ ಗಾಡಿಗಳಲ್ಲಿ ಡ್ರೈವರ್ ಕಡೆ ಅರ್ಧ ಇಂಚಿನಷ್ಟು ವಾಲಿರೋದು ಮಾಮೂಲು, ಅಳತೆ ಬರ್ಕೊಂಡಿದ್ರೆ ಹೊಸ ಶಾಕ್ ಹಾಕುವಾಗ ಆ ಕಡೆ ಸ್ವಲ್ಪ ಏರಿಸಿ ಸರಿ ಮಾಡ್ಬೋದು, ಬರ್ಕೊಳ್ಳದಿದ್ರೆ ಆಮೇಲೆ ಶಾಕ್ ಕಂಪನಿಯವ್ರ ಮೇಲೆ ಗೂಬೆ ಕೂರಿಸ್ತೀರ.

ಹಿಂದಿನ ರಾತ್ರಿನೇ ಎಲ್ಲ ಬೋಲ್ಟ್‌ಗೂ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ, ಮುಖ್ಯವಾಗಿ ಕೆಳಗಿನ ಶಾಕ್ ಬೋಲ್ಟು. ಅದು ಬುಷ್ ಒಳಗಿನ ಲೋಹದ ಕೊಳವೆ ಜೊತೆ ತುಕ್ಕು ಹಿಡಿದು ಅಂಟ್ಕೊಂಡಿರುತ್ತೆ, ತಲೆ ತಿರುಗುತ್ತೆ, ಬೋಲ್ಟ್ ಮಾತ್ರ ಹೊರಗೆ ಬರಲ್ಲ. ಗಾಡಿ ನಿಲ್ಸೋದು ಫ್ರೇಮ್ ಕೆಳಗೆ ಸ್ಟ್ಯಾಂಡ್ ಇಟ್ಟು, ಬರೀ ಜಾಕ್ ನಂಬ್ಕೊಂಡು ಕೆಳಗೆ ಕೈ ಹಾಕಬೇಡಿ. ಸ್ವೇ ಬಾರ್ (ಎಡ ಬಲ ಜೋಡಿಸಿ ಗಾಡಿ ವಾಲೋದನ್ನ ತಡೆಯೋ ಸರಳು) ಲಿಂಕ್ ಎರಡೂ ಕಡೆ ಬಿಚ್ಚಿ, ಒಂದೇ ಕಡೆ ಬಿಚ್ಚಿದ್ರೆ ಇನ್ನೊಂದು ಕಡೆಯಿಂದ ಬಾರ್ ಎಳೀತಾನೇ ಇರುತ್ತೆ, ಆರ್ಮ್ ಇಳಿಯಲ್ಲ. ಬ್ರೇಕ್ ಹೋಸ್, ಎಬಿಎಸ್ ವೈರ್‌ನ ಬ್ರ್ಯಾಕೆಟ್‌ಗಳನ್ನ ಬಿಡಿಸಿ, ನಕಲ್‌ನ (ಚಕ್ರ ಕೂರೋ ತುಂಡು) ಭಾರ ಹೋಸ್ ಮೇಲೆ ನೇತಾಡೋಕೆ ಬಿಡಬೇಡಿ. ಬಾಲ್ ಜಾಯಿಂಟ್ ಬಿಡಿಸ್ಬೇಕಾಗಿ ಬಂದ್ರೆ ನಟ್ ಪೂರ್ತಿ ತೆಗೀದೆ ನಾಲ್ಕೈದು ಥ್ರೆಡ್ ಮೇಲೆ ಬಿಟ್ಟು ಆಮೇಲೆ ಬಿಡಿಸಿ, ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟಿರಿ.

ಈಗ ಜೀವಕ್ಕೆ ಸಂಬಂಧಪಟ್ಟ ಮಾತು. ಸ್ಟ್ರಟ್ ತಲೆ ಮೇಲೆ ಸುತ್ತ ಮೂರು ನಟ್ ಇರ್ತವೆ, ಮಧ್ಯದಲ್ಲಿ ಒಂದು. ಸುತ್ತಲಿನ ಮೂರು ಬಿಚ್ಚಿದ್ರೆ ಅಸೆಂಬ್ಲಿ ಹೊರಗೆ ಬರುತ್ತೆ. ಮಧ್ಯದ ನಟ್ ಬಿಚ್ಚಿದ್ರೆ ಒಳಗೆ ಅಮುಕಿಟ್ಟಿರೋ ಸ್ಪ್ರಿಂಗ್ ಹಾರಿ ಬರುತ್ತೆ, ಎದುರಿಗೆ ಮುಖ ಇದ್ರೆ ಮುಖ, ಕೈ ಇದ್ರೆ ಕೈ. ಅದನ್ನ ಸ್ಪ್ರಿಂಗ್ ಕಂಪ್ರೆಸರ್ ಹಾಕಿ, ಸ್ಪ್ರಿಂಗ್ ತಟ್ಟೆಯಿಂದ ಬಿಟ್ಕೊಂಡು ಅಲ್ಲಾಡೋಷ್ಟು ಅಮುಕಿದ ಮೇಲೆ ಮಾತ್ರ ಮುಟ್ಟೋದು. ಕೊಕ್ಕೆ ಥರದ ಎರಡು ಕಂಪ್ರೆಸರ್ ಆದ್ರೆ ಎದುರು ಬದುರು ಹಾಕಿ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಮವಾಗಿ ಬಿಗೀಬೇಕು. ಲಿಫ್ಟ್ ಸ್ಪ್ರಿಂಗ್‌ಗಳು ಕಂಪನಿಯದ್ದಕ್ಕಿಂತ ಎತ್ತರ ಮತ್ತೆ ಗಟ್ಟಿ, ಹಗುರ ಕಂಪ್ರೆಸರ್ ಅದಕ್ಕೆ ತಡ್ಕೊಳ್ಳಲ್ಲ. ಸ್ವಲ್ಪ ಅನುಮಾನ ಇದ್ರೂ ಈ ಒಂದು ಕೆಲಸ ವರ್ಕ್‌ಶಾಪಿಗೆ ಕೊಡಿ, ಇಲ್ಲ ಜೋಡಿಸಿಯೇ ಬರೋ ಸ್ಟ್ರಟ್ ತಗೊಳ್ಳಿ.

ಬಿಚ್ಚೋ ಮುಂಚೆ ಟಾಪ್ ಹ್ಯಾಟ್‌ನ (ಸ್ಟ್ರಟ್ ತಲೆಯ ತಟ್ಟೆ) ಬೋಲ್ಟ್‌ಗಳು ಕೆಳಗಿನ ಕಣ್ಣಿಗೆ ಯಾವ ದಿಕ್ಕಲ್ಲಿ ಇವೆ ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ. ವಾಪಸ್ ಜೋಡಿಸುವಾಗ ಇದು ಹತ್ತು ಡಿಗ್ರಿ ತಿರುಗಿದ್ರೂ ಗಾಡಿಗೆ ಏರಿಸುವಾಗ ಮೇಲಿನ ತೂತು ಕೂತ್ರೆ ಕೆಳಗಿನದು ಕೂರಲ್ಲ, ಕೆಳಗಿನದು ಕೂತ್ರೆ ಮೇಲಿನದು ಕೂರಲ್ಲ. ಸ್ಪ್ರಿಂಗ್‌ನ ತುದಿ ತಟ್ಟೆಯ ಮೆಟ್ಟಿಲಿಗೆ ಸರಿಯಾಗಿ ತಾಗಿರ್ಬೇಕು. ಮಧ್ಯದ ನಟ್ ಬಿಗಿಯುವಾಗ ಇಂಪ್ಯಾಕ್ಟ್ ಗನ್ ಬೇಡ, ರಾಡ್ ಗಿರ್ರನೆ ತಿರುಗಿ ಸೀಲಿಗೂ ಒಳಗಿನ ಪಿಸ್ಟನ್ ನಟ್‌ಗೂ ಏಟು. ರಾಡ್ ತುದಿಯಲ್ಲಿ ಹಿಡಿಯೋಕೆ ಅಂತಲೇ ಚಪ್ಪಟೆ ಭಾಗವೋ ಅಲೆನ್ ತೂತೋ ಕೊಟ್ಟಿರ್ತಾರೆ, ಅಲ್ಲಿ ಹಿಡೀರಿ. ಹೊಳೆಯೋ ರಾಡನ್ನ ಪ್ಲೈಯರ್‌ನಲ್ಲಿ ಹಿಡಿದ್ರೋ, ಒಂದು ಗೀರು ಸಾಕು, ಆ ಗೀರು ಒಳಗೆ ಹೊರಗೆ ಓಡಾಡಿದಾಗೆಲ್ಲ ಸೀಲನ್ನ ಕೊಯ್ಯುತ್ತೆ.

ಸ್ಪ್ರಿಂಗ್ ಇಲ್ಲದ ಬರೀ ಶಾಕ್ ಆದ್ರೆ ಕೆಲಸ ಸುಲಭ. ಟ್ವಿನ್ ಟ್ಯೂಬ್ ಆದ್ರೆ ಹಾಕೋ ಮುಂಚೆ ನೆಟ್ಟಗೆ ನಿಲ್ಲಿಸಿ ನಾಲ್ಕೈದು ಸಲ ಪೂರ್ತಿ ಒತ್ತಿ ಎಳೀರಿ, ಗೋದಾಮಲ್ಲಿ ಮಲಗಿದ್ದಾಗ ಒಳ ಕೊಳವೆಗೆ ಸೇರಿರೋ ಗಾಳಿ ಹೊರಗೆ ಹೋಗುತ್ತೆ, ಮೊದಲು ಬುಸ್ ಬುಸ್ ಅಂತ ಸಲೀಸಾಗಿ ಹೋಗ್ತಿದ್ದದ್ದು ಆಮೇಲೆ ಒಂದೇ ಸಮ ಗಟ್ಟಿ ಆಗುತ್ತೆ. ಮೊನೋ ಟ್ಯೂಬ್‌ಗೆ ಇದು ಬೇಡ, ಅದು ಪಟ್ಟಿ ಕಟ್ಕೊಂಡು ಬಂದಿರುತ್ತೆ, ಮೇಲಿನ ತುದಿ ಕೂರಿಸಿ ಕೆಳಗಿನ ಮೌಂಟ್‌ನ ನೇರಕ್ಕೆ ಹಿಡ್ಕೊಂಡ ಮೇಲೆ ಪಟ್ಟಿ ಕತ್ತರಿಸಿ. ಮೊದ್ಲೇ ಕತ್ತರಿಸಿದ್ರೆ, 14 ಎಂಎಂ ರಾಡು, 200 ಪಿಎಸ್‌ಐ ಒತ್ತಡ ಅಂದ್ರೆ ಸುಮಾರು 20 ಕೆಜಿ ಬಲದಲ್ಲಿ ಅದು ತೆರ್ಕೊಳ್ಳುತ್ತೆ, ಗಾಡಿ ಕೆಳಗೆ ಮಲಗಿ ಅದನ್ನ ಒಬ್ರೇ ಮುಚ್ಚಿ ಬೋಲ್ಟ್ ತೂರಿಸೋದು ಅಂದ್ರೆ ಬೆವರು ಇಳಿಯುತ್ತೆ. ಮೇಲಿನ ತುದಿ ಸ್ಟೆಮ್ ಥರ ಇದ್ರೆ ರಬ್ಬರ್ ಸ್ವಲ್ಪ ಉಬ್ಬಿ ವಾಷರ್‌ನ ಅಂಚಿಗೆ ಸಮ ಬರೋವರೆಗೆ ಬಿಗೀರಿ, ಅದಕ್ಕಿಂತ ಜಾಸ್ತಿ ಹಿಂಡಿದ್ರೆ ರಬ್ಬರ್ ಸೀಳುತ್ತೆ.

ರಬ್ಬರ್ ಬುಷ್ ಇರೋ ಯಾವ ಬೋಲ್ಟನ್ನೂ ಚಕ್ರ ನೇತಾಡ್ತಾ ಇರುವಾಗ ಕೊನೇ ಬಿಗಿ ಬಿಗೀಬೇಡಿ. ಬುಷ್‌ನ ರಬ್ಬರು ಒಳಗಿನ ಕೊಳವೆಗೆ ಅಂಟಿರುತ್ತೆ, ನೇತಾಡೋ ಸ್ಥಿತಿಯಲ್ಲಿ ಬಿಗಿದ್ರೆ ಗಾಡಿ ನೆಲಕ್ಕಿಳಿದ ಕ್ಷಣದಿಂದ ಅದು ತಿರುಚ್ಕೊಂಡೇ ನಿಂತಿರುತ್ತೆ, ಕೆಲವೇ ತಿಂಗಳಲ್ಲಿ ಹರಿದು ಕಿರಕಿರ ಶಬ್ದ. ಕೈಯಲ್ಲಿ ಬಿಗಿ ಮಾಡಿ, ಚಕ್ರ ಹಾಕಿ, ನೆಲಕ್ಕಿಳಿಸಿ, ಹಿಂದೆ ಮುಂದೆ ನಾಲ್ಕು ಅಡಿ ಉರುಳಿಸಿ, ಆಮೇಲೆ ಟಾರ್ಕ್ ರೆಂಚ್‌ನಲ್ಲಿ ನಿಮ್ಮ ಗಾಡಿಯ ಮ್ಯಾನ್ಯುಯಲ್‌ನಲ್ಲಿರೋ ಅಂಕಿಗೆ ಬಿಗೀರಿ.

ಓಡಿಸೋಕೆ ಮುಂಚೆ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ಎಳೀತಾ ಇಲ್ಲ, ರಿಸರ್ವಾಯರ್ ಇದ್ರೆ ಅದು ಟೈರ್‌ಗೆ ತಾಗ್ತಾ ಇಲ್ಲ ಅಂತ ನೋಡಿ. ಎತ್ತರ ಬದಲಾದ ತಕ್ಷಣ ಟೋ (ಚಕ್ರದ ಮುಂದಿನ ಅಂಚು ಒಳಕ್ಕೋ ಹೊರಕ್ಕೋ ತಿರುಗಿರೋದು) ಬದಲಾಗಿರುತ್ತೆ, ಅಲೈನ್‌ಮೆಂಟ್‌ಗೆ ನಿಧಾನಕ್ಕೆ ಓಡಿಸ್ಕೊಂಡು ಹೋಗಿ, ಮುಂದೂಡಿದ್ರೆ ಹೊಸ ಟೈರ್‌ನ ಅಂಚು ಸವೆದು ನೂಲು ಕಾಣುತ್ತೆ. ಹೆಡ್‌ಲೈಟ್ ಬೆಳಕು ಸ್ವಲ್ಪ ಕೆಳಕ್ಕೆ ಬೀಳೋ ಹಂಗೆ ಮಾಡಿ, ಇಲ್ಲಾಂದ್ರೆ ಎದುರಿಂದ ಬರೋರ ಕಣ್ಣು ಕುಕ್ಕುತ್ತೆ. ಮುಂದೆ ರಾಡಾರೋ ಕ್ಯಾಮೆರಾನೋ ಇರೋ ಗಾಡಿ ಆದ್ರೆ ಕ್ಯಾಲಿಬ್ರೇಷನ್ ಬೇಕಾ ಅಂತ ವಿಚಾರಿಸ್ಕೊಳ್ಳಿ.

ಒಂದು 500ರಿಂದ 1000 ಕಿಲೋಮೀಟರ್ ಓಡಿದ್ಮೇಲೆ ಎಲ್ಲ ಬೋಲ್ಟ್ ಮತ್ತೊಮ್ಮೆ ಟಾರ್ಕ್ ನೋಡಿ, ಹೊಸ ಸ್ಪ್ರಿಂಗ್ ಅಷ್ಟ್ರಲ್ಲಿ ಸ್ವಲ್ಪ ಕೂತಿರುತ್ತೆ, ಫೆಂಡರ್ ಅಳತೆನೂ ಇನ್ನೊಂದ್ಸಲ ತಗೊಳ್ಳಿ. ಸಣ್ಣ ಗುಂಡಿಗಳ ಮೇಲೆ ಲಟಲಟ ಶಬ್ದ ಬರ್ತಿದ್ರೆ ಶಾಕ್‌ಗೆ ಬಯ್ಯೋಕೆ ಮುಂಚೆ ಟಾಪ್ ಹ್ಯಾಟ್ ನಟ್‌ಗಳು, ಸ್ವೇ ಬಾರ್ ಲಿಂಕ್ ಎರಡೂ ನೋಡಿ, ಹೆಚ್ಚಿನ ಸಲ ಕಳ್ಳ ಅಲ್ಲೇ ಇರ್ತಾನೆ. ರಾಡ್ ಸುತ್ತ ತೆಳ್ಳಗೆ ಎಣ್ಣೆಯ ಪದರ ಕಂಡ್ರೆ ಗಾಬರಿ ಬೇಡ, ಸೀಲು ಒದ್ದೆ ಇರೋದು ಸಹಜ, ಒಂದ್ಸಲ ಒರೆಸಿ ಬಿಡಿ. ಒರೆಸಿದ ಮೇಲೂ ಮೈಮೇಲೆ ಹನಿ ಹನಿಯಾಗಿ ಇಳೀತಾ ಇದ್ರೆ ವಾರಂಟಿ ಬಿಲ್ ಹುಡುಕಿ.